ಊರಿನ ಕಲ್ಲು ಎಷ್ಟು ಗಟ್ಟಿ? ಕಟ್ಟಡದ ಕಲ್ಲನ್ನು ಹಳೆಯ ಮತ್ತು ಹೊಸ ವಿಧಾನಗಳಲ್ಲಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪಾಯಕ್ಕೆಂದು ಒಂದು ಲೋಡ್ ಸೈಜುಗಲ್ಲು ಬಂದು ಬಿದ್ದ ಮೇಲೆ ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಕೇಳುವುದು ಒಂದೇ ಮಾತು: ‘ಕಲ್ಲು ಗಟ್ಟಿ ಇದೆಯಾ?’ ಮೇಸ್ತ್ರಿ ಸುತ್ತಿಗೆಯಿಂದ ಒಂದೇಟು ಹಾಕಿ ‘ಏನೂ ಚಿಂತೆ ಇಲ್ಲ ಸಾರ್’ ಅನ್ನುತ್ತಾರೆ. ಬಹಳಷ್ಟು ಸಲ ಅವರ ಮಾತು ಸರಿಯಾಗಿಯೇ ಇರುತ್ತದೆ. ಆದರೆ ಆ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಮೇಲಿನ ಭಾರಕ್ಕೆ ಕಲ್ಲು ಜಜ್ಜಿಹೋಗದೆ ನಿಲ್ಲುತ್ತದೆಯೇ? ಎರಡು ಗೋಡೆಗಳ ನಡುವೆ ಹಾಸಿದಾಗ ಮುರಿಯದೆ ಇರುತ್ತದೆಯೇ? ನೀರು, ಉಪ್ಪು, ಬಿಸಿಲಿಗೆ ಎಷ್ಟು ಕಾಲ ತಾಳುತ್ತದೆ?

ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ. ನಿಜಕ್ಕೂ ಕಾಡುವುದು ಉಳಿದೆರಡು. ಒಂದು ಲೆಕ್ಕ ನೋಡಿ. ಗ್ರಾನೈಟ್‌ನ ತೂಕ ಘನ ಮೀಟರಿಗೆ ಸುಮಾರು 2700 ಕಿಲೋ. 30 ಮೀಟರ್ ಎತ್ತರದ, ಅಂದರೆ ಹತ್ತು ಅಂತಸ್ತಿನಷ್ಟು ಎತ್ತರದ ಕಲ್ಲುಗೋಡೆ ಕಟ್ಟಿದರೂ ಅದರ ಬುಡದಲ್ಲಿ ಸ್ವಂತ ತೂಕದಿಂದ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 0.8 ನ್ಯೂಟನ್. ಕಟ್ಟಡಕ್ಕೆ ಬಳಸುವ ಗ್ರಾನೈಟ್ ಕನಿಷ್ಠ 100 ನ್ಯೂಟನ್ ತಾಳಬೇಕು ಎನ್ನುತ್ತದೆ ಭಾರತೀಯ ಮಾನಕ. ಜಜ್ಜಿಹೋಗುವ ಮಾತು ಎಷ್ಟು ದೂರದ್ದು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನೀರಿನ ಪರೀಕ್ಷೆ ಮೊದಲು, ಬಾಗುವಿಕೆಯದು ಆಮೇಲೆ, ಪ್ರೆಸ್ಸಿನಲ್ಲಿಟ್ಟು ಒಡೆಯುವುದು ಕೊನೆಗೆ.

ಹಂತ 1: ಮೊದಲು ಹಳೆಯ ಕಟ್ಟಡಗಳನ್ನು ನೋಡಿ

1838–39ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೆ ಕಲ್ಲು ಆರಿಸಲು ಒಂದು ಸಮಿತಿ ಕೆಲಸ ಮಾಡಿತು. ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ, ಭೂವಿಜ್ಞಾನಿಗಳಾದ ಡಿ ಲಾ ಬೀಶ್ ಮತ್ತು ವಿಲಿಯಂ ಸ್ಮಿತ್, ಕಲ್ಲಿನ ಕೆಲಸ ಬಲ್ಲ ಸಿ. ಎಚ್. ಸ್ಮಿತ್ ಅದರಲ್ಲಿದ್ದರು. ಅವರು ಕ್ವಾರಿಗಳನ್ನು ಮಾತ್ರ ಸುತ್ತಲಿಲ್ಲ. ಆಯಾ ಕ್ವಾರಿಯ ಕಲ್ಲಿನಿಂದ ಹಿಂದೆ ಕಟ್ಟಿದ ಚರ್ಚು, ಕೋಟೆಗಳನ್ನೂ ನೋಡಿ ಕಲ್ಲು ಎಷ್ಟು ಸವೆದಿದೆ ಎಂದು ಬರೆದುಕೊಂಡರು. ನೂರಾರು ವರ್ಷ ಮಳೆ ತಿಂದ ಗೋಡೆಗಿಂತ ದೀರ್ಘವಾದ ಪರೀಕ್ಷೆ ಯಾವ ಲ್ಯಾಬಿನಲ್ಲೂ ಆಗುವುದಿಲ್ಲವಲ್ಲ.

ನೀವೂ ಹಾಗೇ ಮಾಡಿ. ನಿಮ್ಮ ಕಲ್ಲು ಬರುವ ಬಂಡೆಯಿಂದಲೇ ಹಿಂದೆ ಏನೇನು ಕಟ್ಟಿದ್ದಾರೆ ಎಂದು ಊರಿನ ಹಿರಿಯರನ್ನು, ಕಲ್ಲುಕುಟಿಗರನ್ನು ವಿಚಾರಿಸಿ. ದೇವಸ್ಥಾನದ ಅಧಿಷ್ಠಾನ, ಕೆರೆಯ ತೂಬು, ಹಳೇ ಬಾವಿಯ ಕಟ್ಟೆ, ಹೊಲದ ಬೇಲಿಯ ಕಲ್ಲುಕಂಬ ಇವೆಲ್ಲ ಸಾಕ್ಷಿಗಳೇ. ನೆಲಕ್ಕೆ ತಾಗುವ ಮೊದಲ ಎರಡು ಅಡಿಯನ್ನು ಗಮನಿಸಿ: ತೇವ ಏರುವುದು, ಉಪ್ಪು ಬಿಳಿ ಪುಡಿಯಾಗಿ ಹೊರಬರುವುದು ಅಲ್ಲೇ. ಅಲ್ಲಿ ಉಳಿಯ ಗುರುತು ಇನ್ನೂ ಚೂಪಾಗಿ ಕಾಣುತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಪದರ ಪದರವಾಗಿ ಸಿಪ್ಪೆ ಏಳುತ್ತಿದ್ದರೆ ಅದೇ ಬಂಡೆಯ ಬೇರೆ ಭಾಗವನ್ನು ಹುಡುಕಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಿಂದ ಒಂದು ಚಕ್ಕೆ ಕಲ್ಲನ್ನೂ ಕೀಳಬೇಡಿ, ಅದು ಅಪರಾಧ. ಕಣ್ಣು, ಕ್ಯಾಮೆರಾ ಸಾಕು.

ಹಂತ 2: ಸ್ಯಾಂಪಲ್ ತೆಗೆಯುವುದು

ಲಂಡನ್ನಿನ ಆ ಸಮಿತಿಯ ಕಥೆಗೆ ಬೇಸರದ ಎರಡನೇ ಭಾಗವಿದೆ. ಎರಡಂಗುಲದ ಘನಗಳನ್ನು ಮಾಡಿ ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನಿಗಳಾದ ಡೇನಿಯಲ್ ಮತ್ತು ವೀಟ್‌ಸ್ಟನ್ ಅಷ್ಟೆಲ್ಲ ಪರೀಕ್ಷೆ ನಡೆಸಿದರು. ಮೊದಲು ಒಪ್ಪಿದ ಕ್ವಾರಿಯಲ್ಲಿ ಬೇಕಾದಷ್ಟು ದೊಡ್ಡ ಕಲ್ಲು ಸಿಗಲಿಲ್ಲ. ಕೊನೆಗೆ ಆನ್ಸ್ಟನ್ ಎಂಬಲ್ಲಿಯ ಮೆಗ್ನೀಷಿಯಂ ಸುಣ್ಣಕಲ್ಲಿನಿಂದ ಭವನ ಎದ್ದಿತು. ಕೆಲವೇ ವರ್ಷಗಳಲ್ಲಿ ಅದು ಕರಗಿ ಉದುರತೊಡಗಿತು. ಲಂಡನ್ನಿನ ಕಲ್ಲಿದ್ದಲ ಹೊಗೆಯ ಆಮ್ಲ ಒಂದು ಕಾರಣ. ಇನ್ನೊಂದು, ಕ್ವಾರಿಯಲ್ಲಿ ಕೆಟ್ಟ ಪದರದ ಕಲ್ಲನ್ನು ಬೇರ್ಪಡಿಸಲು ಮೇಲ್ವಿಚಾರಣೆಯೇ ಇರಲಿಲ್ಲ.

ಇದರಿಂದ ಕಲಿಯಬೇಕಾದದ್ದು ಇಷ್ಟು: ಕ್ವಾರಿಯವರು ಆರಿಸಿ ಕೊಟ್ಟ ಅಂದದ ತುಂಡನ್ನು ಲ್ಯಾಬಿಗೆ ಒಯ್ಯಬೇಡಿ. ಬಂಡೆಯ ಮೇಲ್ಭಾಗ, ನಡುಭಾಗ, ತಳ ಮೂರೂ ಕಡೆಯಿಂದ ತೆಗೆಯಿರಿ. ಬಣ್ಣ ಬದಲಾದ ಕಡೆ ಬೇರೆ ಸ್ಯಾಂಪಲ್ ಬೇಕು. ಮದ್ದು ಸಿಡಿಸಿದ ಕಡೆಯ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅದನ್ನು ಬೇರೆಯಾಗಿಯೇ ಗುರುತಿಸಿ. ಕಲ್ಲು ಬಂಡೆಯಲ್ಲಿದ್ದಾಗ ಯಾವ ಮುಖ ಮೇಲಿತ್ತೋ ಅದರ ಮೇಲೆ ಪೇಂಟಿನಲ್ಲಿ ಬಾಣ ಹಾಕಿ. ಈ ಬಾಣ ಮರೆತರೆ ಮುಂದೆ ಬರುವ ಎಷ್ಟೋ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಲಾರಿಯಲ್ಲಿ ಕಲ್ಲು ಬಂದ ಮೇಲೂ ಒಂದೆರಡು ತುಂಡು ತೆಗೆದು ಮೊದಲಿನದರ ಜೊತೆ ಹೋಲಿಸಿ.

ಹಂತ 3: ಕಿವಿ, ಕಣ್ಣು, ಚಾಕು

ಸುತ್ತಿಗೆಯ ಸದ್ದು ಹಳೆಯ ಪರೀಕ್ಷೆ, ಇಂದಿಗೂ ಮೋಸ ಮಾಡದ್ದು. ಕಲ್ಲನ್ನು ನೆಲಕ್ಕೆ ಪೂರ್ತಿ ಒರಗಿಸದೆ ಎರಡು ಕಡ್ಡಿಗಳ ಮೇಲಿಟ್ಟು ಒಂದು ಕಿಲೋ ಸುತ್ತಿಗೆಯಿಂದ ಹಗುರಾಗಿ ಹೊಡೆಯಿರಿ. ಗಂಟೆಯ ಹಾಗೆ ‘ಠಣ್’ ಎಂದರೆ ಕಂಪನ ತಡೆಯಿಲ್ಲದೆ ಹರಿಯಿತು ಎಂದರ್ಥ. ‘ದಬ್’ ಎಂದರೆ ಒಳಗೆ ಬಿರುಕೋ ಮಣ್ಣಿನ ಪದರವೋ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬೆಂಗಳೂರಿನ ಸುತ್ತ ಗ್ರಾನೈಟ್ ಚಪ್ಪಡಿ ಎಬ್ಬಿಸಲು ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯ ಸಾಲನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಿದ್ದರು. ಅರ್ಧ ಅಡಿ ದಪ್ಪದ ದೊಡ್ಡ ಹಾಳೆ ತಳದ ಬಂಡೆಯಿಂದ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ಕಲ್ಲುಕುಟಿಗರಿಗೆ ಇದ್ದ ಉಪಕರಣವೂ ಸುತ್ತಿಗೆಯ ಸದ್ದೇ.

ಆಮೇಲೆ ಒಂದು ತುಂಡನ್ನು ಒಡೆದು ಹೊಸ ಮುಖ ನೋಡಿ. ಹಳೆಯ ಮುಖಕ್ಕೆ ಬಿಸಿಲು ಮಳೆಯ ಬಣ್ಣ ಹತ್ತಿರುವುದರಿಂದ ಅದು ಸುಳ್ಳು ಹೇಳುತ್ತದೆ. ಹೊಸ ಮುಖದಲ್ಲಿ ಕಣಗಳು ಹೊಳೆಯುತ್ತ ಒಂದಕ್ಕೊಂದು ಹೆಣೆದುಕೊಂಡಿರಬೇಕು. ಫೆಲ್ಡ್‌ಸ್ಪಾರ್ (ಗ್ರಾನೈಟ್‌ನಲ್ಲಿರುವ ಬಿಳಿ ಅಥವಾ ಗುಲಾಬಿ ಬಣ್ಣದ ಖನಿಜ) ಹೊಳಪು ಕಳೆದುಕೊಂಡು ಸುಣ್ಣದ ಪುಡಿಯಂತೆ ಮಂಕಾಗಿದ್ದರೆ ಕಲ್ಲು ಕೊಳೆಯಲು ಶುರುವಾಗಿದೆ. ಕಂದು ತುಕ್ಕಿನ ಕಲೆಗಳು ಕಬ್ಬಿಣದ ಖನಿಜದ ಗುರುತು. ಕಪ್ಪು ಅಭ್ರಕ ಪಟ್ಟಿ ಪಟ್ಟಿಯಾಗಿ ಕೂಡಿದ್ದರೆ ಕಲ್ಲು ಸೀಳುವುದು ಅದೇ ಪಟ್ಟಿಯಲ್ಲಿ. ಬೆಂಗಳೂರು, ತುಮಕೂರು, ಕೋಲಾರ ಕಡೆ ಗ್ರಾನೈಟ್ ಎಂದು ಮಾರುವುದರಲ್ಲಿ ಬಹುಪಾಲು ನಿಜಕ್ಕೆ ನೈಸ್ ಶಿಲೆ, ಪಟ್ಟೆ ಅದಕ್ಕೆ ಸಹಜ. ಪಟ್ಟೆ ಇದ್ದ ಮಾತ್ರಕ್ಕೆ ಬೇಡ ಎನ್ನಬೇಕಿಲ್ಲ, ಯಾವ ದಿಕ್ಕಿಗೆ ಇಡಬೇಕು ಎಂದು ಗೊತ್ತಿದ್ದರಾಯಿತು.

ಚಾಕುವಿನಿಂದ ಗೀರಿ ನೋಡಿ. ಸ್ಫಟಿಕಶಿಲೆ, ಫೆಲ್ಡ್‌ಸ್ಪಾರ್ ಇರುವ ಕಲ್ಲಿನ ಮೇಲೆ ಚಾಕುವೇ ಸವೆದು ಉಕ್ಕಿನ ಗೆರೆ ಮೂಡುತ್ತದೆ. ಸುಣ್ಣಕಲ್ಲು ಗೀರಿಸಿಕೊಳ್ಳುತ್ತದೆ. ಬಳಪದ ಕಲ್ಲಿಗೆ ಉಗುರೂ ನಾಟೀತು. ಆದರೆ ಗೀರು ಬಿತ್ತೆಂದು ಕಲ್ಲನ್ನು ತಳ್ಳಿಹಾಕುವ ಮೊದಲು 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನನ್ನು ನೆನೆಯಿರಿ. ಅಲ್ಲಿಯ ಮೆದು ಕಲ್ಲಿನ ಕೆತ್ತನೆ ಮಲೆನಾಡಿನ ಅಂಚಿನ ಮಳೆಯಲ್ಲೂ ಒಂಬತ್ತು ಶತಮಾನ ನಿಂತಿದೆ. ಕಾಠಿಣ್ಯ ಬೇರೆ, ಬಾಳಿಕೆ ಬೇರೆ. ಓಡಾಡುವ ನೆಲಕ್ಕೆ ಕಾಠಿಣ್ಯ ಬೇಕು, ಗೋಡೆಗೆ ಅಷ್ಟಾಗಿ ಬೇಡ.

ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣದ ಜಾತಿಯದು. ಅಡುಗೆಮನೆ ಕಟ್ಟೆಗೆ ಹಾಸಿದಲ್ಲಿ ನಿಂಬೆಹಣ್ಣು ಹಿಂಡಿದ ಜಾಗ ಹೊಳಪು ಕಳೆದುಕೊಂಡಿರುವುದನ್ನು ನೋಡಿರಬಹುದು. ಖಾತ್ರಿ ಬೇಕಿದ್ದರೆ ಶೌಚಾಲಯ ತೊಳೆಯುವ ಆಸಿಡ್‌ನ ಒಂದು ಹನಿ ಹಾಕಿ, ಗ್ಲೌಸ್ ಇರಲಿ. ನೊರೆ ಬಂದರೆ ಸುಣ್ಣವಿದೆ.

ಹಂತ 4: ನೀರಿನ ಪರೀಕ್ಷೆಗಳು

ಇಲ್ಲಿಗೆ ಹೆಚ್ಚು ಸಮಯ ಕೊಡಿ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗ ಡಂಕಣ ಹೇಳಿದ. ಮೈಗೆಲ್ಲ ಗಂಧ ಬಳಿದರು, ಎಲ್ಲ ಕಡೆ ಒಣಗಿದರೂ ಹೊಕ್ಕುಳ ಬಳಿ ಒಣಗಲಿಲ್ಲ, ಅಲ್ಲಿ ಉಳಿ ಹಾಕಿದರೆ ನೀರು ಮತ್ತು ಕಪ್ಪೆ. ಇದನ್ನು ಇತಿಹಾಸ ಎಂದು ನಾನು ವಾದಿಸುವುದಿಲ್ಲ. ಆದರೆ ಕಥೆಯಲ್ಲಿರುವ ಪರೀಕ್ಷೆ ಮಾತ್ರ ಪಕ್ಕಾ. ಒದ್ದೆ ಬಳಿದು ಒಣಗುವುದನ್ನು ಗಮನಿಸುವ ಉಪಾಯವನ್ನು ಇಂದು ಚಪ್ಪಡಿ ಆರಿಸುವವರೂ ಬಳಸುತ್ತಾರೆ. ಕಲ್ಲನ್ನು ಚೆನ್ನಾಗಿ ತೊಳೆದು ನೀರು ಸುರಿದು ನೆರಳಿನಲ್ಲಿ ಬಿಡಿ. ಮೇಲ್ಮೈ ಒಣಗುತ್ತಿದ್ದಂತೆ ಕೂದಲೆಳೆ ಬಿರುಕುಗಳು ಕಪ್ಪು ಗೆರೆಗಳಾಗಿ ಕೊನೆಯವರೆಗೂ ಉಳಿಯುತ್ತವೆ, ಏಕೆಂದರೆ ಒಳಗೆ ಇಳಿದ ನೀರು ತಡವಾಗಿ ಆರುತ್ತದೆ. ಆ ಗೆರೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಬಿಡಿ. ಒಣಗಿದ ಮೇಲೆ ಹುಡುಕಿದರೂ ಸಿಗುವುದಿಲ್ಲ.

*ನೀರು ಹೀರುವ ಪ್ರಮಾಣ.* ಮುಷ್ಟಿ ಗಾತ್ರದ ಮೂರು ತುಂಡು ತೆಗೆದುಕೊಂಡು ಬ್ರಷ್‌ನಿಂದ ಪುಡಿ ಉದುರಿಸಿ. 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್‌ನಲ್ಲಿ 24 ಗಂಟೆ ಒಣಗಿಸುವುದು ಐಎಸ್ 1124 ಎಂಬ ಭಾರತೀಯ ಮಾನಕದ ಕ್ರಮ. ಮನೆಯ ಓವನ್ ಆದರೆ ಮೊದಲು ಬಿಸಿಲಲ್ಲಿ ಆರಿಸಿ, ಆಮೇಲೆ ಓವನ್‌ನಲ್ಲಿಟ್ಟು, ತಾಸಿಗೊಮ್ಮೆ ತೂಗಿದಾಗ ತೂಕ ಬದಲಾಗದಿರುವವರೆಗೆ ಮುಂದುವರಿಸಿ. ಒದ್ದೆ ಕಲ್ಲನ್ನು ನೇರ ಬೆಂಕಿಗೆ ಒಡ್ಡಬೇಡಿ, ಸಿಡಿಯುತ್ತದೆ. ತಣ್ಣಗಾದ ಮೇಲೆ ಗ್ರಾಂ ಲೆಕ್ಕದಲ್ಲಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಹೊರತೆಗೆದು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ತೂಗಿ.

ಒಣ ತೂಕ 800 ಗ್ರಾಂ, ನೆನೆದ ತೂಕ 803 ಗ್ರಾಂ ಎಂದಿಟ್ಟುಕೊಳ್ಳಿ. ಹೆಚ್ಚಿದ 3 ಗ್ರಾಂ ಅನ್ನು 800ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ 0.38. ಗ್ರಾನೈಟ್‌ಗೆ ಮಿತಿ ಶೇ 0.5, ಮರಳುಶಿಲೆಗೆ ಶೇ 2.5. ಕರಾವಳಿಯ ಕೆಂಪುಕಲ್ಲಿಗೆ ಮಾತ್ರ ಶೇ 12ರವರೆಗೆ ರಿಯಾಯಿತಿ ಇದೆ.

ಹಾಗೆಯೇ ಸಾಂದ್ರತೆಯನ್ನೂ ಅಳೆದುಬಿಡಬಹುದು. ತಕ್ಕಡಿಯ ಮೇಲೆ ನೀರಿನ ಬಕೆಟ್ ಇಟ್ಟು ಓದನ್ನು ಸೊನ್ನೆಗೆ ತನ್ನಿ. ನೆನೆದ ಕಲ್ಲನ್ನು ದಾರದಲ್ಲಿ ಕಟ್ಟಿ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 300 ಗ್ರಾಂ ತೋರಿಸಿದರೆ ಕಲ್ಲಿನ ಗಾತ್ರ 300 ಮಿಲಿಲೀಟರ್, 800 ಭಾಗ 300 ಅಂದರೆ 2.67. ಒಂದೇ ಬಂಡೆಯ ತುಂಡುಗಳಲ್ಲಿ ಈ ಅಂಕಿ ಒಂದಕ್ಕೊಂದು ತುಂಬ ದೂರವಿದ್ದರೆ ನಿಮ್ಮ ಕೈಯಲ್ಲಿರುವುದು ಒಂದೇ ಕಲ್ಲಲ್ಲ.

*ಸ್ಮಿತ್ ಪರೀಕ್ಷೆ.* ಕಲ್ಲಿನ ಸಣ್ಣ ಚೂರುಗಳನ್ನು ಗಾಜಿನ ಲೋಟದ ಶುದ್ಧ ನೀರಿಗೆ ಹಾಕಿ ಒಂದು ಗಂಟೆ ಬಿಟ್ಟು ಅಲ್ಲಾಡಿಸಿ. ನೀರು ಕಲಕಾದರೆ ಕಣಗಳನ್ನು ಹಿಡಿದಿರುವುದು ಮಣ್ಣು. ಮರಳುಶಿಲೆಗೆ ಈ ಪರೀಕ್ಷೆ ಬಿಡಲೇಬೇಡಿ.

*ಉಪ್ಪಿನ ಪರೀಕ್ಷೆ.* ಹಿಮ ಬೀಳುವ ದೇಶಗಳಲ್ಲಿ ಕಲ್ಲಿನ ರಂಧ್ರದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಒಡೆಯುತ್ತದೆ. ಅದನ್ನು ಲ್ಯಾಬಿನಲ್ಲಿ ತೋರಿಸಲು 1820ರ ದಶಕದಲ್ಲಿ ಫ್ರಾನ್ಸಿನ ಬ್ರಾರ್ಡ್ ಒಂದು ಉಪಾಯ ಮಾಡಿದ. ಕಲ್ಲಿನ ಘನವನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ಅರ್ಧ ಗಂಟೆ ಕುದಿಸಿ, ದಾರದಲ್ಲಿ ತೂಗುಹಾಕಿ ಆರಲು ಬಿಟ್ಟ. ಹರಳಾಗುವ ಉಪ್ಪು ರಂಧ್ರದೊಳಗೆ ಒತ್ತುತ್ತದೆ, ದುರ್ಬಲ ಕಲ್ಲು ಮೂಲೆಗಳಿಂದ ಉದುರುತ್ತದೆ. ಉದುರಿದ ಕಣಗಳನ್ನು ತಟ್ಟೆಯಲ್ಲಿ ಕೂಡಿಸಿ ತೂಗಿದರೆ ಯಾವ ಕಲ್ಲು ಎಷ್ಟು ಸೋತಿತು ಎಂಬ ಲೆಕ್ಕ ಸಿಗುತ್ತದೆ. ಹೆಪ್ಪುಗಟ್ಟುವುದನ್ನು ಇದು ನಿಖರವಾಗಿ ತೋರಿಸುವುದಿಲ್ಲ ಎಂಬ ಟೀಕೆ ಯುರೋಪಿನಲ್ಲಿ ಬಂದದ್ದು ನಿಜ. ನಮಗೆ ಆ ಟೀಕೆ ತಟ್ಟುವುದಿಲ್ಲ. ಕಾರವಾರ, ಮಂಗಳೂರಿನ ಸಮುದ್ರದ ಗಾಳಿಯಲ್ಲೂ ಬಯಲುಸೀಮೆಯ ಸವುಳು ನೆಲದಲ್ಲೂ ಕಲ್ಲನ್ನು ತಿನ್ನುವುದು ಉಪ್ಪೇ ತಾನೆ!

ಐಎಸ್ 1126 ಇದೇ ಉಪಾಯವನ್ನು ಶಿಸ್ತಿಗೆ ತಂದಿದೆ: ಶೇ 14ರ ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ 16ರಿಂದ 18 ಗಂಟೆ ನೆನೆಸಿ, ಓವನ್‌ನಲ್ಲಿ ಒಣಗಿಸಿ, ಹೀಗೆ 30 ಸುತ್ತು. ಮನೆಯಲ್ಲಿ ಅಷ್ಟು ತಾಳ್ಮೆ ಇಲ್ಲದಿದ್ದರೆ, ಎರಡು ಕ್ವಾರಿಗಳ ಕಲ್ಲನ್ನು ಅಕ್ಕಪಕ್ಕ ಇಟ್ಟು ಕೆಲವು ಸುತ್ತು ಮಾಡಿದರೂ ಯಾವುದು ಮೊದಲು ಮೂಲೆ ಕಳೆದುಕೊಳ್ಳುತ್ತದೆ ಎಂದು ಕಾಣುತ್ತದೆ.

ಕೆಂಪುಕಲ್ಲಿಗೆ ಬೇರೆ ನ್ಯಾಯ

ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗಿದ್ದಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಕತ್ತರಿಸುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಎಂದು ಅವನು ಆಗಲೇ ಗಮನಿಸಿದ್ದ. ಆದ್ದರಿಂದ ಕೆತ್ತಿದ ದಿನವೇ ಕೆಂಪುಕಲ್ಲನ್ನು ಪರೀಕ್ಷಿಸಿ ತೀರ್ಪು ಕೊಡುವುದು ತಪ್ಪು. ಕೆಲವು ವಾರ ಬಿಸಿಲು ಗಾಳಿಗೆ ಬಿಟ್ಟು, ಆಮೇಲೆ ಒಣಗಿದ್ದನ್ನೂ ನೆನೆಸಿದ್ದನ್ನೂ ಬೇರೆ ಬೇರೆ ಒಡೆದು ನೋಡಿ. ನೆನೆದಾಗ ಇದರ ಬಲ ಎದ್ದು ಕಾಣುವಷ್ಟು ಇಳಿಯುತ್ತದೆ. ಮಾನಕ ಕೇಳುವುದೇ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಬಿಳಿ ಜೇಡಿಯ ಗುಳಿಗಳು ಹೆಚ್ಚಿರುವ ಕಲ್ಲನ್ನು ನೆನೆಸಿ ಹೆಬ್ಬೆರಳಿನಿಂದ ಒತ್ತಿ. ಅಂಚು ಉದುರಿದರೆ ಅದನ್ನು ಕಾಂಪೌಂಡಿಗೂ ಬಳಸಬೇಡಿ.

ಹಂತ 5: ಬಾಗುವಿಕೆ

ಕಲ್ಲಿಗೆ ಒತ್ತಡ ತಾಳುವ ಶಕ್ತಿ ಅಪಾರ, ಎಳೆತ ತಾಳುವುದು ಅದರ ಸಣ್ಣ ಪಾಲು. ದೇವಸ್ಥಾನಗಳಲ್ಲಿ ಕಂಬಗಳು ಅಷ್ಟು ಒತ್ತಾಗಿರುವುದಕ್ಕೆ ಇದೇ ಕಾರಣ. ತೊಲೆ ಬಾಗಿದಾಗ ತಳಭಾಗ ಎಳೆತಕ್ಕೆ ಸಿಗುತ್ತದೆ, ಅಲ್ಲೊಂದು ಬಿರುಕು ಹುಟ್ಟಿದರೆ ಮುಗಿಯಿತು.

ಐಎಸ್ 1121ರ ಎರಡನೇ ಭಾಗದ ಪ್ರಕಾರ 200×50×50 ಮಿಲಿಮೀಟರ್ ಪಟ್ಟಿಯನ್ನು 150 ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ ಭಾರ ಹಾಕುತ್ತಾರೆ. ಲೆಕ್ಕ ಸುಲಭ: ಮುರಿದಾಗಿನ ಭಾರವನ್ನು ಅಂತರದಿಂದ ಮತ್ತು 3ರಿಂದ ಗುಣಿಸಿ. ಅದನ್ನು ಅಗಲದ ಎರಡರಷ್ಟು ಮತ್ತು ದಪ್ಪದ ವರ್ಗ ಇವೆರಡರ ಗುಣಲಬ್ಧದಿಂದ ಭಾಗಿಸಿ.

ಮನೆಯ ಸಜ್ಜಾಕ್ಕೋ ಮೋರಿಯ ಮೇಲೋ ಹಾಸುವ ಚಪ್ಪಡಿಗೆ ಇದನ್ನು ಅನ್ವಯಿಸಿ. ಅಂತರ 1800, ಅಗಲ 450, ದಪ್ಪ 75 ಮಿಲಿಮೀಟರ್. ಕಲ್ಲು 10 ನ್ಯೂಟನ್ ತಾಳುವಂಥದ್ದಾದರೆ ನಡುವೆ ಸುಮಾರು 950 ಕಿಲೋಗೆ ಮುರಿಯಬೇಕು. ಚಪ್ಪಡಿಯ ಸ್ವಂತ ತೂಕವೇ 160 ಕಿಲೋ ದಾಟುತ್ತದೆ, ಅದರ ಅರ್ಧವನ್ನು ಕಳೆಯಿರಿ. ಉಳಿದದ್ದು 870ರ ಆಸುಪಾಸು. ನಾಲ್ಕು ಜನ ನಡುವೆ ನಿಂತರೂ ಧಾರಾಳ. ದಪ್ಪ 75ರ ಬದಲು 50 ಆಗಿದ್ದರೆ? ದಪ್ಪದ ವರ್ಗ ಲೆಕ್ಕಕ್ಕೆ ಬರುವುದರಿಂದ ಬಲ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಕಂತ್ರಾಟುದಾರರು ‘ಸ್ವಲ್ಪ ತೆಳ್ಳಗಿದೆ, ಪರವಾಗಿಲ್ಲ’ ಅಂದಾಗ ಇದನ್ನು ನೆನಪಿಡಿ.

ಸ್ಥಳದಲ್ಲೇ ಪರೀಕ್ಷಿಸಲು ಚಪ್ಪಡಿಯನ್ನು ನೆಲದಿಂದ ಅರ್ಧ ಅಡಿ ಎತ್ತರಕ್ಕೆ, ನಿಜವಾದ ಅಂತರದಲ್ಲೇ ಎರಡು ದಿಮ್ಮಿಗಳ ಮೇಲಿಡಿ. ಮುಂದೆ ಬೀಳಬಹುದಾದ ಭಾರದ ಎರಡರಷ್ಟನ್ನು ಮರಳಿನ ಚೀಲಗಳಲ್ಲಿ ಒಂದೊಂದಾಗಿ ನಡುವೆ ಹೇರಿ, ರಾತ್ರಿಯಿಡೀ ಬಿಡಿ. ಯಾರೂ ಹತ್ತಿರ ಕಾಲಿಡಬಾರದು. ಕಲ್ಲು ಕಬ್ಬಿಣದಂತೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಮುರಿಯುತ್ತದೆ.

ಹಂತ 6: ಪ್ರೆಸ್ಸಿನಲ್ಲಿ ಒಡೆಯುವುದು

1770ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಸುಫ್ಲೋ ಕಟ್ಟುತ್ತಿದ್ದ ಸಂತ ಜೆನೆವೀವ್ ಚರ್ಚಿನ, ಈಗಿನ ಪ್ಯಾಂಥಿಯನ್ನಿನ, ಕಂಬಗಳು ಗುಮ್ಮಟ ಹೊರಲಾರವು ಎಂಬ ತಕರಾರೆದ್ದಿತು. ಗೋಥೆ ಎಂಬ ಎಂಜಿನಿಯರ್ ಸನ್ನೆಕೋಲಿನ ಯಂತ್ರ ಮಾಡಿ ಸಣ್ಣ ಘನಗಳನ್ನು ಒಡೆದು ಉತ್ತರ ಹುಡುಕಿದ. 1818ರಲ್ಲಿ ಜಾರ್ಜ್ ರೆನಿ ಲಂಡನ್ನಿನಲ್ಲಿ ಇಂಥ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದ. ಆಮೇಲೆ ಡೇವಿಡ್ ಕಿರ್ಕಾಲ್ಡಿ ಸೌತ್‌ವರ್ಕ್‌ನಲ್ಲಿ ಹೈಡ್ರಾಲಿಕ್ ಯಂತ್ರವಿಟ್ಟು ಪರೀಕ್ಷೆಯನ್ನೇ ಉದ್ಯೋಗ ಮಾಡಿಕೊಂಡ. ಅವನ ಬಾಗಿಲ ಮೇಲೆ ‘ಅಭಿಪ್ರಾಯವಲ್ಲ, ವಾಸ್ತವ’ ಎಂಬರ್ಥದ ಫಲಕವಿತ್ತು.

ಇಂದು ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಾಂಕ್ರೀಟ್ ಘನ ಒಡೆಯುವ 2000 ಕಿಲೋನ್ಯೂಟನ್ ಪ್ರೆಸ್ ಸಾಮಾನ್ಯ. ಕಾಂಕ್ರೀಟಿನಂತೆ 150 ಮಿಲಿಮೀಟರ್ ಘನ ಒಯ್ಯಬೇಡಿ. 150 ನ್ಯೂಟನ್ ಬಲದ ಗ್ರಾನೈಟ್ ಆ ಗಾತ್ರದಲ್ಲಿ ಒಡೆಯಲು 3375 ಕಿಲೋನ್ಯೂಟನ್ ಬೇಕು, ಯಂತ್ರ ಸೋಲುತ್ತದೆ. 50 ಮಿಲಿಮೀಟರ್ ಘನ ಸಾಕು: ಅದು 400 ಕಿಲೋನ್ಯೂಟನ್‌ಗೆ ಒಡೆದರೆ 2500 ಚದರ ಮಿಲಿಮೀಟರಿನಿಂದ ಭಾಗಿಸಿ, ಬಲ 160.

ಲ್ಯಾಬಿನವರಿಗೆ ಹೇಳಬೇಕಾದ್ದು: ಮೂರು ತುಂಡು 72 ಗಂಟೆ ನೀರಲ್ಲಿ ನೆನೆದಿರಲಿ, ಮೂರು ಓವನ್‌ನಲ್ಲಿ ಒಣಗಿರಲಿ. ಪಟ್ಟೆಯಿರುವ ಕಲ್ಲಾದರೆ ಪದರಕ್ಕೆ ಲಂಬವಾಗಿ ಒಂದು ಸೆಟ್, ಸಮಾನಾಂತರವಾಗಿ ಇನ್ನೊಂದು. ಮುಖಗಳನ್ನು ವಜ್ರದ ಗರಗಸದಲ್ಲಿ ಕತ್ತರಿಸಿ ಉಜ್ಜಿರಬೇಕು. ಉಳಿಯಿಂದ ಕೆತ್ತಿದರೆ ಮೇಲ್ಮೈ ಬಿರುಕಿ ಅಂಕಿ ಕುಸಿಯುತ್ತದೆ. ಭಾರ ಏರಿಸುವ ವೇಗ ಚದರ ಮಿಲಿಮೀಟರಿಗೆ ನಿಮಿಷಕ್ಕೆ 14 ನ್ಯೂಟನ್. ವರದಿಯಲ್ಲಿ ಸರಾಸರಿಯ ಜೊತೆ ಪ್ರತಿ ತುಂಡಿನ ಅಂಕಿಯನ್ನೂ ಕೇಳಿ ಪಡೆಯಿರಿ, ಏಕೆಂದರೆ ಸರಾಸರಿಯೊಳಗೆ ಒಂದು ಕೆಟ್ಟ ತುಂಡು ಅಡಗಿಬಿಡುತ್ತದೆ. ನೆನೆದದ್ದು ಒಣಗಿದ್ದಕ್ಕಿಂತ ತೀರಾ ಕೆಳಗಿದ್ದರೆ ನಾಲ್ಕನೇ ಹಂತಕ್ಕೆ ಹಿಂದಿರುಗಿ.

ಕತ್ತರಿಸಲಾಗದ ಹಳೆಯ ಕಟ್ಟಡದ ಕಲ್ಲಿಗೆ ರೀಬೌಂಡ್ ಹ್ಯಾಮರ್ (ಬಡಿದಾಗ ಎಷ್ಟು ಪುಟಿಯುತ್ತದೆ ಎಂಬುದರಿಂದ ಗಟ್ಟಿತನ ಅಳೆಯುವ ಉಪಕರಣ) ಇದೆ, ಆದರೆ ಅದರ ಓದು ಅಂದಾಜು ಮಾತ್ರ. ದೊಡ್ಡ ಕಾಮಗಾರಿಯಾದರೆ ಕೋಲಾರ ಚಿನ್ನದ ಗಣಿಯ ಬಂಡೆಗಳ ಅಧ್ಯಯನದಿಂದ ಬೆಳೆದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್‌ನಂಥ ಸಂಸ್ಥೆಯ ಸಹಾಯ ಕೇಳಬಹುದು.

ಹಂತ 7: ಹಳೆಯ ವರದಿಯ ಅಂಕಿಗಳನ್ನು ಓದುವುದು

ನಿಮ್ಮ ಊರಿನ ಅಣೆಕಟ್ಟು, ಸೇತುವೆಯ ಹಳೆಯ ಕಡತದಲ್ಲಿ ಕಲ್ಲಿನ ಬಲದ ಅಂಕಿ ಸಿಕ್ಕರೆ ಅದು ಚದರ ಅಡಿಗೆ ಟನ್‌ನಲ್ಲೋ ಚದರ ಇಂಚಿಗೆ ಪೌಂಡ್‌ನಲ್ಲೋ ಇರುತ್ತದೆ. ಬ್ರಿಟಿಷ್ ಟನ್ ಪ್ರತಿ ಚದರ ಅಡಿ ಎಂದರೆ 0.107 ನ್ಯೂಟನ್ ಪ್ರತಿ ಚದರ ಮಿಲಿಮೀಟರ್. ಚದರ ಇಂಚಿಗೆ 1000 ಪೌಂಡ್ ಎಂದರೆ 6.9. ಚದರ ಸೆಂಟಿಮೀಟರಿಗೆ 100 ಕಿಲೋ ಎಂದರೆ 9.8.

ಬದಲಾಯಿಸಿದ ಕೂಡಲೇ ಇಂದಿನ ಅಂಕಿಯ ಪಕ್ಕ ಇಡಬೇಡಿ. ಘನದ ಗಾತ್ರವೆಷ್ಟು, ಒಣಗಿತ್ತೇ ನೆನೆದಿತ್ತೇ, ಪದರ ಯಾವ ದಿಕ್ಕಿಗಿತ್ತು ಎಂದು ನೋಡಿ. ಕಲ್ಲಿಗೂ ಯಂತ್ರಕ್ಕೂ ನಡುವೆ ಏನಿಟ್ಟಿದ್ದರು ಎಂಬುದು ಇನ್ನೂ ಮುಖ್ಯ. ಒತ್ತಡ ಸಮನಾಗಿ ಹರಡಲೆಂದು ಹಿಂದೆ ಸೀಸದ ಹಾಳೆ ಇಡುತ್ತಿದ್ದುದುಂಟು. ಮೆತ್ತಗಿನ ಸೀಸ ಹಿಂಡಿಕೊಂಡು ಹೊರಕ್ಕೆ ಹರಿಯುವಾಗ ಕಲ್ಲಿನ ಮುಖವನ್ನೂ ಬದಿಗೆ ಎಳೆಯುತ್ತದೆ, ಕಲ್ಲು ಉದ್ದುದ್ದ ಸೀಳಿ ಬೇಗ ಒಡೆಯುತ್ತದೆ. ಅಂಥ ವರದಿಯ ಕಲ್ಲು ತೋರುವುದಕ್ಕಿಂತ ಗಟ್ಟಿಯಾಗಿಯೇ ಇರಬಹುದು. ಎತ್ತರ ಅಗಲ ಸಮವಿಲ್ಲದ ತುಂಡಾದರೆ, ಅಗಲವನ್ನು ಎತ್ತರದಿಂದ ಭಾಗಿಸಿ 0.222ರಿಂದ ಗುಣಿಸಿ 0.778 ಕೂಡಿಸಿ. ಬಂದದ್ದರಿಂದ ಹಳೆಯ ಬಲವನ್ನು ಭಾಗಿಸಿದರೆ ಘನಕ್ಕೆ ಸಮನಾದ ಅಂಕಿ ಸಿಗುತ್ತದೆ.

ಕಲ್ಲು ಕಟ್ಟುವಾಗ

ಪರೀಕ್ಷೆಯಲ್ಲಿ ಗೆದ್ದ ಕಲ್ಲನ್ನೂ ತಪ್ಪಾಗಿ ಇಟ್ಟು ಕೆಡಿಸಬಹುದು. ಬಾದಾಮಿಯ ಮರಳುಶಿಲೆ, ಶಹಾಬಾದ್, ಪಟ್ಟೆಯ ನೈಸ್ ಇವನ್ನೆಲ್ಲ ಗೋಡೆಯಲ್ಲಿ ಪದರ ಅಡ್ಡಲಾಗಿ, ಅಂದರೆ ಬಂಡೆಯಲ್ಲಿದ್ದ ಹಾಗೆಯೇ ಮಲಗಿಸಿ. ನಿಲ್ಲಿಸಿ ಕಟ್ಟಿದರೆ ಹೊರಮುಖದ ಪದರ ನೀರು ಕುಡಿದು ಹಾಳೆ ಹಾಳೆಯಾಗಿ ಕಳಚುತ್ತದೆ. ಎರಡನೇ ಹಂತದಲ್ಲಿ ಹಾಕಿದ ಬಾಣ ಉಪಯೋಗಕ್ಕೆ ಬರುವುದು ಇಲ್ಲಿ. ಸಿಮೆಂಟ್ ಗಾರೆ ಕೆಂಪುಕಲ್ಲು, ಮರಳುಶಿಲೆಗಿಂತ ಗಡುಸಾಗಿದ್ದರೆ ತೇವ ಗಾರೆಯಿಂದ ಹೊರಬರಲಾಗದೆ ಕಲ್ಲಿನಿಂದಲೇ ಹೊರಬರುತ್ತದೆ, ಉಪ್ಪು ಕೂಡ ಅಲ್ಲೇ ಕೂರುತ್ತದೆ. ಅಂಥ ಕಡೆ ಸುಣ್ಣದ ಗಾರೆ ಕೇಳಿ.

ಒಡೆದ ತುಂಡುಗಳನ್ನು ಎಸೆಯಬೇಡಿ. ಕ್ವಾರಿಯ ಹೆಸರು, ದಿನಾಂಕ, ಬಾಣದ ದಿಕ್ಕು, ಬಂದ ಅಂಕಿ ಇಷ್ಟನ್ನು ಪೇಂಟಿನಲ್ಲಿ ಬರೆದು ಒಂದು ಚೀಲದಲ್ಲಿ ಕಟ್ಟಿಡಿ. ಹತ್ತು ವರ್ಷದ ಮೇಲೆ ಮಹಡಿ ಏರಿಸುವಾಗ ಅದೇ ಬಂಡೆಯ ಹೊಸ ಕಲ್ಲನ್ನು ಹೋಲಿಸಲು ಅವು ಬೇಕಾಗುತ್ತವೆ.